ನೀಲಿ ಚೀಲ

ನನ್ನ ಕೆಲಸ ಕೈಯೆತ್ತುವುದು.
ಎಡಗೈ ಎತ್ತಿದರೆ ಟ್ರಕ್ಕು ನಿಲ್ಲುತ್ತದೆ,
ಬಲಗೈ ಬೀಸಿದರೆ ಆಂಬುಲೆನ್ಸು ಹೊರಡುತ್ತದೆ.
ಬಿಳಿ ತೋಳುಗವಸು ಕೊಳೆಯಾದರೆ ಸಾರ್ಜೆಂಟ್ ಬೈಯುತ್ತಾನೆಂದು
ಜೇಬಿನಲ್ಲಿ ಸದಾ ಒಂದು ಸೀಮೆಸುಣ್ಣದ ತುಂಡು.
ಸೆನಿಯೊ ನದಿಯಾಚೆ ಜರ್ಮನರು, ಈಚೆ ಪೋಲೆಂಡಿನ ನಾವು,
ನಡುವೆ ಇಟಲಿಯ ಕೆಸರು.
ಇಲ್ಲೊಂದು ಹಿಟ್ಟಿನ ಗಿರಣಿಯಿತ್ತಂತೆ. ಈಗ ನಾನೇ ಗುರುತು:
"ಪೊಲೀಸಿನವ ನಿಂತಲ್ಲಿ ಎಡಕ್ಕೆ"
ಅಂತ ಡ್ರೈವರುಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.
ಗಿರಣಿಯಾಕೆ ಅಸ್ಸುಂತಾ ದಿನಾ ಬಂದು
ಒಡೆಯದೆ ಉಳಿದ ಇಟ್ಟಿಗೆ ಹೆಕ್ಕಿ, ಎಣಿಸಿ, ಒಟ್ಟುತ್ತಾಳೆ.
ಟ್ಯಾಂಕುಗಳನ್ನು ತಡೆದು ನಾನು ಅವಳನ್ನೂ ದಾಟಿಸುತ್ತೇನೆ.

ನಮ್ಮವರಿಗೇ ನಮ್ಮನ್ನು ಕಂಡರಾಗದು.
ರಜಾಚೀಟಿ ಕೇಳುವವರು, ಕದ್ದ ಕೋಳಿಯ ಪುಕ್ಕ ಹುಡುಕುವವರು,
ಸತ್ತವನ ಬೂಟು ಯಾರ ಕಾಲಲ್ಲಿದೆಯೆಂದು ಬಗ್ಗಿ ನೋಡುವವರು.

ಮೈಲಿ ಹಿಂದೆ ಪೀಚ್ ತೋಟದಲ್ಲಿ ನಾಲ್ಕು ಫಿರಂಗಿ.
ಬೋರ್ಡು ನೆಡಲು ಹೋದಾಗ ನೋಡಿದ್ದೇನೆ,
ಹಾರಿಸುವುದು ದಿನಕ್ಕೆ ಹತ್ತು ನಿಮಿಷದ ಮಾತು,
ಮಿಕ್ಕಿದ್ದೆಲ್ಲ ಮನೆಗೆಲಸ.
ಉದ್ದ ಕೋಲಿಗೆ ಚಿಂದಿ ಸುತ್ತಿ ಅದರ ಗಂಟಲು ತೊಳೆಯುವುದು,
ಶೆಲ್ಲುಗಳ ಮೈಯೊರೆಸಿ ಒಣಜಾಗದಲ್ಲಿ ಮಲಗಿಸುವುದು,
ಎಣ್ಣೆ, ಗ್ರೀಸು, ಮತ್ತೆ ಎಣ್ಣೆ,
ಚಕ್ರ ಹೂತಲ್ಲಿ ಯಾರದೋ ಮನೆಯ ಬಾಗಿಲು ತಂದು ಹಾಸುವುದು.

ಹಿತ್ತಾಳೆ ಕೊಳವೆಯೊಳಗೆ ಮದ್ದಿನ ಮೂರು ಚೀಲ:
ಕೆಂಪು, ಬಿಳಿ, ನೀಲಿ.
ಗುರಿ ಹತ್ತಿರವಿದ್ದರೆ ನೀಲಿಯನ್ನು ಕಿತ್ತುಬಿಡಬೇಕು.
ಅದು ಬೊಗುಮಿಲ್ ಹರಾಸಿಮ್‌ನ ಕೆಲಸ.
"ನೋಡು," ಅಂದಿದ್ದ, ಕೊಳವೆಯನ್ನು ನನ್ನ ಮೂಗಿಗೆ ಹಿಡಿದು,
"ನೀಲಿ ಹೋದರೆ ಉಳಿಯುವುದು ನಮ್ಮ ಬಾವುಟ.
ದಿನಾ ಅದನ್ನೇ ಸುಡುತ್ತೇವೆ."
ಹಿಂದೆ, ಕಿತ್ತ ನೀಲಿ ಚೀಲಗಳ ಉರಿಯಲ್ಲಿ
ಚಹಾದ ನೀರು ಕುದಿಯುತ್ತಿತ್ತು.

ಫೆಬ್ರವರಿಯಲ್ಲಿ ರೇಡಿಯೊ ಒಂದು ಗೆರೆಯ ಸುದ್ದಿ ಹೇಳಿತು.
ಎಲ್ಲೋ ಅರಮನೆಯಲ್ಲಿ, ಊಟದ ಮೇಲೆ, ನಕ್ಷೆಯಲ್ಲಿ ಎಳೆದದ್ದು.
ಸ್ತ್ರಿಯ್ ಪಟ್ಟಣ ಗೆರೆಯಾಚೆ ಬಿತ್ತು.
ಹರಾಸಿಮ್‌ನ ತಾಯಿ, ಅವಳ ಮೂರು ಜೇನುಪೆಟ್ಟಿಗೆ,
ಕಾಗದಕ್ಕೆ ಉತ್ತರ ಬರೆಯದ ಒಬ್ಬ ತಂಗಿ, ಎಲ್ಲ ಆಚೆ.
ನನ್ನೂರು ಈಚೆ ಉಳಿಯಿತು.
ಅದನ್ನು ನಾನು ಯಾರಿಗೂ ಹೇಳಲಿಲ್ಲ.
ಮಾರನೆ ದಿನವೂ ಅವರು ಹಾರಿಸಿದರು.
ನಾನು ಕೈಯೆತ್ತಿದೆ.

ಶುಕ್ರವಾರ, ರಾತ್ರಿ ಎರಡೂವರೆ, ಮಂಜು.
ರಸ್ತೆಯ ನಡುವೆ ಒಬ್ಬ. ಟೋಪಿಯಿಲ್ಲ, ಬಂದೂಕಿಲ್ಲ.
ನಿಲ್ಲು ಅಂದೆ. ನಡೆದ.
ಸೀಟಿ ಊದಿದೆ. ನಡೆದ.
ಮೂರನೆಯ ಸಲಕ್ಕೆ ಏನು ಮಾಡಬೇಕೆಂದು ನಿಯಮದಲ್ಲಿದೆ,
ಬೆರಳು ಆಗಲೇ ಅಲ್ಲಿಗೆ ಹೋಗಿತ್ತು.
ಟಾರ್ಚಿನ ಬೆಳಕು ಅವನ ಕತ್ತಿನ ಮೇಲೆ ಬಿತ್ತು:
ಕಿವಿಯಿಂದ ಇಳಿದು ಕಾಲರಿನವರೆಗೆ
ಒಣಗಿದ ಒಂದು ಕಪ್ಪು ಗೆರೆ.

ಓಡಿ ಅವನ ಮುಂದೆ ಹೋದೆ.
ಎರಡೂ ಕೈ ಎತ್ತಿ ನಿಂತೆ, ಟ್ರಕ್ಕಿಗೆ ಎತ್ತುವ ಹಾಗೆ.
ಹರಾಸಿಮ್ ನಿಂತ.
ಎಲ್ಲಿಗೆ? ಬಾಯಿ ದೊಡ್ಡದು ಮಾಡಿ ಕೇಳಿದೆ.
ಜರ್ಮನರಿಗೂ ಕೇಳುವಂಥ ಕಿವುಡು ದನಿಯಲ್ಲಿ ಅಂದ:
"ಪೆಟ್ಟಿಗೆಗೆ ಹುಲ್ಲು ಹೊದಿಸಬೇಕು.
ಈ ಚಳಿಗೆ ಹುಳ ಉಳಿಯುವುದಿಲ್ಲ."
ಅವನು ನಡೆಯುತ್ತಿದ್ದದ್ದು ಪಶ್ಚಿಮಕ್ಕೆ.
ದಾರಿ ತೋರಿಸುವುದು ನನ್ನ ವೃತ್ತಿ, ಆದರೂ
ಅದನ್ನೂ ಹೇಳಲಾಗಲಿಲ್ಲ.

ನನ್ನ ಪುಸ್ತಕದಲ್ಲಿ ಖಾನೆಗಳಿವೆ: ಹೆಸರು, ನಂಬರು, ಅಪರಾಧ.
ಮೂರನೆಯದರ ಮೇಲೆ ಪೆನ್ಸಿಲ್ಲು ಬಹಳ ಹೊತ್ತು ನಿಂತಿತು.
"ಡಾಕ್ಟರ ಡೇರೆ ಹುಡುಕುತ್ತ ದಾರಿ ತಪ್ಪಿದ್ದ."
ಈ ಪುಸ್ತಕದಲ್ಲಿ ನಾನು ಬರೆದ ಮೊದಲ ಸುಳ್ಳು,
ಅಕ್ಷರ ಮಾತ್ರ ಎಂದಿಗಿಂತ ದುಂಡಗೆ ಬಂದವು.

ಬೆಳಗಿನ ಆಂಬುಲೆನ್ಸಿಗೆ ಹತ್ತಿಸುವಾಗ
ಜೇಬಿನಿಂದ ನೀಲಿ ಚೀಲವೊಂದನ್ನು ತೆಗೆದುಕೊಟ್ಟ.
"ಚಹಾಕ್ಕೆ!" ಅಂತ ಕೂಗಿದ.
ನಿಯಮದಂತೆ ಅದೂ ಜಪ್ತಿಯ ಮಾಲು.
ಅಸ್ಸುಂತಾಳ ಇಟ್ಟಿಗೆಗಳಲ್ಲಿ ಮೂರನ್ನು ಕಡ ಪಡೆದು
ಒಲೆ ಹೂಡಿದೆ. ಭಗ್ಗನೆ ಎದ್ದು, ಹಳದಿಯಾಗಿ ಉರಿದು,
ನೀರು ಕಾಯುವ ಮೊದಲೇ ಮುಗಿಯಿತು.
ಚಹಾ ಆಗುವಷ್ಟು ಬಿಸಿಯಿರಲಿಲ್ಲ ಅದು.
ಅಸ್ಸುಂತಾ ಬೆರಳದ್ದಿ ನೋಡಿ, ಮಗ್ಗು ಕಸಿದುಕೊಂಡು,
ಮುಖ ತೊಳೆದಳು.